ತಂದೆಯ ಹೆಸರಿನ ಕಾಲಂ

(ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ, ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿಯನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಿಮ್ಮ ಮೇಷ್ಟ್ರು ನನಗೆ ಕೊಟ್ಟ ವಿಷಯ ಉದ್ದ ಇದೆ. ಸಮುದಾಯ, ಸಂಸ್ಥೆ, ಶಾಸಕರು, ಈ ಮೂವರ ಜೊತೆ ಸಮಾಜಕಾರ್ಯ ಹೇಗೆ ಮಾಡೋದು ಅಂತ. ನಿಮ್ಮ ಸಿಲಬಸ್ಸಿನಲ್ಲಿ ಇವು ಬೇರೆ ಬೇರೆ ಪೇಪರು. ಸಮುದಾಯ ಸಂಘಟನೆ ಒಂದು, ಕಲ್ಯಾಣ ಆಡಳಿತ ಒಂದು, ಸಾಮಾಜಿಕ ಕ್ರಿಯೆ ಇನ್ನೊಂದು. ಊರಿಗೆ ಹೋದರೆ ಹಾಗಿರುವುದಿಲ್ಲ. ಒಬ್ಬ ಹೆಂಗಸು ಒಂದು ಅರ್ಜಿ ಹಿಡಿದು ಬರುತ್ತಾಳೆ. ಮೂರೂ ಪೇಪರು ಆ ಅರ್ಜಿಯಲ್ಲೇ ಕೂತಿರುತ್ತವೆ.

ಅದಕ್ಕೇ ನಾನಿವತ್ತು ಒಂದು ಅರ್ಜಿಯ ಬಗ್ಗೆ ಮಾತಾಡುತ್ತೇನೆ. ಅದರಲ್ಲೂ ಒಂದೇ ಒಂದು ಕಾಲಂ ಬಗ್ಗೆ. 'ತಂದೆಯ ಹೆಸರು' ಎನ್ನುವ ಕಾಲಂ.

ನಾನು ಕೆಲಸಕ್ಕೆ ಸೇರಿದ ಹೊಸತು. ರಾಯಚೂರು ಜಿಲ್ಲೆಯ ಒಂದು ಹಳ್ಳಿ. ಒಬ್ಬ ತಾಯಿ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಬಂದಿದ್ದಳು. ನಾನು ಜೊತೆಗಿದ್ದೆ. ಹೆಡ್ ಮಾಸ್ತರು ಒಳ್ಳೆಯ ಮನುಷ್ಯ. ಕೂರಿಸಿದರು, ನೀರು ತರಿಸಿದರು. ಆಮೇಲೆ ಪೆನ್ನು ತೆಗೆದು 'ತಂದೆ ಹೆಸರು ಹೇಳವಾ' ಎಂದರು. ಅವಳು ನೆಲ ನೋಡಿದಳು. ಅವಳು ದೇವದಾಸಿ. ಊರಿಗೆಲ್ಲ ಗೊತ್ತು, ಮಾಸ್ತರಿಗೂ ಗೊತ್ತು. ಮಗುವಿನ ತಂದೆ ಯಾರು ಎನ್ನುವುದೂ ಗೊತ್ತು. ಅವನ ಮನೆ ಶಾಲೆಯಿಂದ ಕೂಗಳತೆ ದೂರ. ಆದರೆ ಬರೆಯುವಂತಿಲ್ಲ. ಕೊನೆಗೆ ಅವಳೇ 'ನಮ್ಮಣ್ಣನ ಹೆಸರು ಬರಕೊಳ್ರಿ ಸರ' ಎಂದಳು. ಮಾಸ್ತರು ಬರೆದುಕೊಂಡರು. ಮುಗಿಯಿತು.

ಮುಗಿಯಿತು ಎಂದು ನಾನೂ ಅಂದುಕೊಂಡೆ. ಆ ಹುಡುಗಿ ಹೈಸ್ಕೂಲಿಗೆ ಬಂದಾಗ ಸ್ಕಾಲರ್‌ಶಿಪ್ಪಿಗೆ ಜಾತಿ ಪ್ರಮಾಣಪತ್ರ ಬೇಕಾಯಿತು. ಶಾಲೆಯ ದಾಖಲೆಯಲ್ಲಿ ತಂದೆ ಅಂತ ಸೋದರಮಾವ. ಮಾವನ ರೇಷನ್ ಕಾರ್ಡಿನಲ್ಲಿ ಈ ಹುಡುಗಿ ಇಲ್ಲ. ತಾಯಿಯ ಕಾರ್ಡಿನಲ್ಲಿ ಗಂಡನ ಹೆಸರೇ ಇಲ್ಲ. ಯಾವುದಕ್ಕೆ ಯಾವುದೂ ತಾಳೆಯಾಗಲಿಲ್ಲ. ಅರ್ಜಿ ವಾಪಸ್ ಬಂತು. ಇನ್ನೊಂದು ಕಡೆ ಮಾವನ ಹೆಂಡತಿಗೆ ದಿಗಿಲು, ನಾಳೆ ಇವಳು ನಮ್ಮ ಹೊಲದಲ್ಲಿ ಪಾಲು ಕೇಳಿದರೆ? ಅಣ್ಣ-ತಂಗಿ ಮಾತು ಬಿಟ್ಟರು. ಒಂದು ಕಾಲಂ ತುಂಬಿದ್ದಕ್ಕೆ ಇಷ್ಟೆಲ್ಲ ಆಯಿತು.

ಗೊತ್ತಿಲ್ಲದವರಿಗೆ ಪದ್ಧತಿಯ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಸವದತ್ತಿಯ ಎಲ್ಲಮ್ಮ, ಹುಲಿಗಿಯ ಹುಲಿಗೆಮ್ಮ, ಇಂಥ ದೇವರ ಹೆಸರಲ್ಲಿ ಹುಡುಗಿಗೆ ಕೆಂಪು-ಬಿಳಿ ಮಣಿಯ ಸರ ಕಟ್ಟುತ್ತಾರೆ. 'ಮುತ್ತು ಕಟ್ಟೋದು' ಅನ್ನುತ್ತಾರೆ. ಆಮೇಲೆ ಅವಳಿಗೆ ಮದುವೆ ಇಲ್ಲ. ಬಹುತೇಕ ಎಲ್ಲರೂ ಪರಿಶಿಷ್ಟ ಜಾತಿಯ ಹೆಣ್ಣುಮಕ್ಕಳು. ಕಾರಣ ಕೇಳಿದರೆ ಮೊದಲು ದೇವರ ಹರಕೆ ಅನ್ನುತ್ತಾರೆ. ತಲೆಯಲ್ಲಿ ಜಡೆ ಗಂಟು ಕಟ್ಟಿತು, ದೇವಿ ಕರೆದಳು ಅನ್ನುತ್ತಾರೆ. ಇನ್ನೂ ಸ್ವಲ್ಪ ಹೊತ್ತು ಕೂತರೆ ಬೇರೆ ಮಾತು ಬರುತ್ತದೆ. ಮನೆಯಲ್ಲಿ ಗಂಡುಮಕ್ಕಳಿರಲಿಲ್ಲ, ಅಪ್ಪ-ಅವ್ವನನ್ನು ನೋಡಿಕೊಳ್ಳಲು ಒಬ್ಬಳು ಬೇಕಿತ್ತು, ಮುತ್ತು ಕಟ್ಟಿಸಿಕೊಂಡವಳು ಮಗನ ಹಾಗೆ ಮನೆಯಲ್ಲೇ ಉಳಿಯುತ್ತಾಳೆ. ಭಕ್ತಿಯ ಹಿಂದೆ ಇಂಥದ್ದೊಂದು ಲೆಕ್ಕಾಚಾರ ಇರುತ್ತದೆ. ಆ ಲೆಕ್ಕವನ್ನು ಮುಟ್ಟದೆ ಬರೀ ಭಕ್ತಿಯನ್ನು ಬೈದು ಬಂದವರು ಏನನ್ನೂ ಬದಲಿಸಿದ್ದನ್ನು ನಾನು ನೋಡಿಲ್ಲ.

ಈಗ ಸಮುದಾಯದ ವಿಷಯಕ್ಕೆ ಬರೋಣ.

1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ನಡೆದದ್ದು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬಹುದು. ಅಲ್ಲಿನ ರೇಣುಕಾಂಬೆ ಜಾತ್ರೆಯಲ್ಲಿ ಬೆತ್ತಲೆ ಸೇವೆ ನಡೆಯುತ್ತಿತ್ತು. ಅದನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಜನ ತಿರುಗಿಬಿದ್ದರು. ದೊಡ್ಡ ಗಲಾಟೆಯೇ ಆಯಿತು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ನಿಷೇಧ ಸರಿಯಾಗಿಯೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ತಡೆಯಲು ಹೋದವರ ಧೈರ್ಯವನ್ನೂ ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಆ ದಿನದ ಬಗ್ಗೆ ಓದಿದಾಗಲೆಲ್ಲ ಒಂದು ಯೋಚನೆ ಬರುತ್ತದೆ. ಹರಕೆ ಹೊತ್ತ ಹೆಂಗಸರ ಜೊತೆ ಜಾತ್ರೆಗೆ ಮುಂಚೆ, ಅವರ ಊರಲ್ಲಿ, ಅವರ ಕಟ್ಟೆ ಮೇಲೆ ಕೂತು ಎಷ್ಟು ಜನ ಮಾತಾಡಿದ್ದರು?

ಬೇರೆಯವರ ಬಗ್ಗೆ ಕೇಳೋದು ಸುಲಭ. ನಾನು ಮಾಡಿದ್ದನ್ನೂ ಹೇಳಬೇಕಲ್ವಾ. ಒಂದು ಸಲ ಒಂದು ಮನೆಯಲ್ಲಿ ಮುತ್ತು ಕಟ್ಟುತ್ತಾರೆ ಎಂದು ಸುದ್ದಿ ಬಂತು. ನಾನು ಸೀದಾ ಪೊಲೀಸ್ ಠಾಣೆಗೆ ಹೋದೆ. ಜೀಪು ಬಂತು, ಕಾರ್ಯ ನಿಂತಿತು, ನಾನು ವರದಿ ಬರೆದು ಕಳಿಸಿದೆ. ಆಫೀಸಿನಲ್ಲಿ ಶಭಾಷ್ ಅಂದರು. ಹದಿನೈದು ದಿನದಲ್ಲಿ ಆ ಹುಡುಗಿಯನ್ನು ಬೇರೆ ಊರಿನ ನೆಂಟರ ಮನೆಗೆ ಕರೆದುಕೊಂಡು ಹೋಗಿ, ರಾತ್ರೋರಾತ್ರಿ ಕಟ್ಟಿಸಿಬಿಟ್ಟರು. ಅಷ್ಟೇ ಅಲ್ಲ, ಸುದ್ದಿ ಕೊಟ್ಟಿದ್ದ ಹೆಂಗಸು ಯಾರು ಎಂದು ಊರಿಗೆ ಗೊತ್ತಾಯಿತು. ಅವಳನ್ನು ಅವಳಿದ್ದ ಹೆಂಗಸರ ಸಂಘದವರೇ ದೂರ ಇಟ್ಟರು. ಆರು ತಿಂಗಳು ಆ ಓಣಿಯಲ್ಲಿ ನನಗೆ ಚಹಾ ಸಿಗಲಿಲ್ಲ. ಅಲ್ಲಿ ಚಹಾ ಸಿಗಲಿಲ್ಲ ಅಂದರೆ ಕೆಲಸ ನಿಂತಿತು ಅಂತಲೇ ಅರ್ಥ.

ಪೊಲೀಸರಿಗೆ ಹೇಳಬಾರದು ಎಂದು ನಾನು ಹೇಳುತ್ತಿಲ್ಲ. ಹುಡುಗಿ ಅಪಾಯದಲ್ಲಿದ್ದರೆ ಹೇಳಲೇಬೇಕು. ಠಾಣೆಗೆ ಹೋಗುವ ಮುಂಚೆ ಮನೆಯೊಳಗೆ ಯಾರ ಮಾತು ನಡೆಯುತ್ತದೆ, ಜೀಪು ಹೋದ ಮೇಲೆ ಆ ಹುಡುಗಿಯ ಪಕ್ಕದಲ್ಲಿ ಯಾರಿರುತ್ತಾರೆ, ಇದನ್ನು ನಾನು ನೋಡಿರಲಿಲ್ಲ. ಎರಡೂ ಗೊತ್ತಿದ್ದವರು ಒಬ್ಬರೇ, ತಾವೇ ಮುತ್ತು ಕಟ್ಟಿಸಿಕೊಂಡ ಹೆಂಗಸರು.

ಈ ವಿಷಯದಲ್ಲಿ ನಮಗೆಲ್ಲ ದಾರಿ ತೋರಿಸಿದ್ದು ಬೆಳಗಾವಿ ಜಿಲ್ಲೆಯ ಘಟಪ್ರಭಾ. ಅಲ್ಲಿ 1997ರಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಶುರುವಾಯಿತು. ಎಲ್ಲರೂ 'ಮಾಸ್' ಎನ್ನುತ್ತಾರೆ. ನಡೆಸುವವರು ಮಾಜಿ ದೇವದಾಸಿಯರೇ. ಅದರ ಮುಂದಾಳು ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಚಿಕ್ಕ ವಯಸ್ಸಿಗೇ ಮುತ್ತು ಕಟ್ಟಿಸಿಕೊಂಡವರು ಅವರು. ಅಂಥವರು ಒಂದು ಮನೆಗೆ ಹೋಗಿ ಕೂತರೆ ತಾಯಿ ಬೇರೆ ಥರ ಮಾತಾಡುತ್ತಾಳೆ. 'ನಿನಗೇನ್ ಗೊತ್ತು' ಎಂದು ಅವರಿಗೆ ಹೇಳೋಕಾಗುತ್ತಾ? ನನಗೆ ಹೇಳಬಹುದು, ಹೇಳಿದ್ದಾರೆ ಕೂಡ.

ಜಡೆಯ ವಿಷಯವನ್ನೇ ತೆಗೆದುಕೊಳ್ಳಿ. ಎಣ್ಣೆ-ನೀರು ಕಾಣದೆ ಕೂದಲು ಗಂಟು ಕಟ್ಟುತ್ತದೆ. ನಾವು ಹೋಗಿ 'ಇದು ಬರೀ ಕೊಳೆ' ಎಂದರೆ ಮನೆಯವರಿಗೆ ಅವಮಾನ. ಇವರು ಹಾಗೆ ಮಾಡುವುದಿಲ್ಲ. ಪಕ್ಕದಲ್ಲಿ ಕೂತು, ತಲೆ ಮುಟ್ಟಿ, 'ನನಗೂ ಇತ್ತು ತಂಗೀ, ತೆಗೆಸಿ ಇಷ್ಟು ವರ್ಷ ಆತು, ತಾಯಿ ನನಗೇನೂ ಮಾಡಿಲ್ಲ' ಎನ್ನುತ್ತಾರೆ. ಕತ್ತರಿ ಮಾರನೇ ದಿನ ಬರುತ್ತದೆ. ಒಮ್ಮೊಮ್ಮೆ ಮಾರನೇ ವರ್ಷ.

ಸರಿ, ಕಚೇರಿಗೆ ಹೋಗೋಣ. ನಿಮ್ಮಲ್ಲಿ ಜಾಸ್ತಿ ಜನ ಕೊನೆಗೆ ಕೆಲಸ ಮಾಡುವುದು ಅಲ್ಲೇ.

ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಕಾಗದ ಅಂದರೆ ಸರ್ವೆ ಪಟ್ಟಿ. ಸರ್ಕಾರ ಮೊದಲು ಎರಡು ಸಲ ಸರ್ವೆ ಮಾಡಿಸಿತು, 1993-94ರಲ್ಲಿ ಒಂದು, 2007-08ರಲ್ಲಿ ಇನ್ನೊಂದು. 14 ಜಿಲ್ಲೆಗಳಲ್ಲಿ ಒಟ್ಟು 46,660 ಹೆಂಗಸರು ಎಂದು ಲೆಕ್ಕ ಬಂತು. ಮಾಸಾಶನ, ಮನೆ, ಸಾಲ-ಸಬ್ಸಿಡಿ ಎಲ್ಲಕ್ಕೂ ವರ್ಷಗಟ್ಟಲೆ ಆ ಪಟ್ಟಿಯೇ ಬಾಗಿಲಾಗಿತ್ತು. ಹೆಸರಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಸರ್ವೆಯವರು ಬಂದ ದಿನ ಕೆಲವರು ಕಬ್ಬು ಕಡಿಯಲು ಹೋಗಿದ್ದರು, ಕೆಲವರು ಮುಂಬೈ, ಪುಣೆಯಲ್ಲಿದ್ದರು. ಕೆಲವರು ಮನೆಯಲ್ಲೇ ಇದ್ದು 'ನಾನಲ್ಲ' ಎಂದರು. ಮಗಳ ಮದುವೆ ಗೊತ್ತಾಗಿತ್ತು, ಬೀಗರಿಗೆ ತಿಳಿಯಬಾರದು. ಆವತ್ತು ಮರ್ಯಾದೆ ಉಳಿಸಿಕೊಳ್ಳಲು ಆಡಿದ ಒಂದು ಸುಳ್ಳಿಗೆ ಆಮೇಲೆ ಎಷ್ಟೋ ವರ್ಷ ಮಾಸಾಶನ ಇಲ್ಲ. ದೇವದಾಸಿ ಮಹಿಳೆಯರ ವಿಮೋಚನಾ ಸಂಘದಂಥ ಸಂಘಟನೆಗಳು ಬಿಟ್ಟುಹೋದವರ ಮರು ಸರ್ವೆಗೆ ವರ್ಷಗಟ್ಟಲೆ ಧರಣಿ ಕೂತಿದ್ದು ಇದಕ್ಕೇ.

ಕಚೇರಿಯಲ್ಲಿ ಕೆಲಸ ಆಗಬೇಕಾದರೆ ಗುಮಾಸ್ತರನ್ನು ಶತ್ರು ಮಾಡಿಕೊಳ್ಳಬೇಡಿ. ಇದು ಬುದ್ಧಿವಾದವೇನಲ್ಲ, ನಾನು ಮೊದಲ ಮೂರು ವರ್ಷ ಅದನ್ನೇ ಮಾಡಿ ಏನೂ ಸಾಧಿಸಲಿಲ್ಲ. ಮೇಜಿನ ಆಚೆ ಕೂತವನಿಗೂ ಒಂದು ಭಯ ಇರುತ್ತದೆ, ನಾಳೆ ಆಡಿಟ್ಟಿನವರು ಬಂದು 'ಈ ಕಾಲಂ ಯಾಕೆ ಖಾಲಿ ಬಿಟ್ಟೆ' ಎಂದು ಕೇಳಿದರೆ? ಖಾಲಿ ಬಿಡಬಹುದು ಎಂದು ಹೇಳುವ ಒಂದು ಸುತ್ತೋಲೆ ಅವನ ಕೈಗೆ ಕೊಟ್ಟರೆ ಅವನೇ ನಿಮ್ಮ ಪರ ವಾದಿಸುತ್ತಾನೆ. ಹಾಗಾಗಿ ನನ್ನ ಚೀಲದಲ್ಲಿ ಯಾವಾಗಲೂ ಜೆರಾಕ್ಸ್ ಕಾಗದ. 2015ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಮದುವೆಯಾಗದ ತಾಯಿ ತನ್ನ ಮಗುವಿಗೆ ಜನನ ಪ್ರಮಾಣಪತ್ರ ಕೇಳಿದರೆ ಅಫಿಡವಿಟ್ ತೆಗೆದುಕೊಂಡು ಕೊಡಬೇಕು, ತಂದೆಯ ಹೆಸರಿಗಾಗಿ ತಡೆಯಬಾರದು ಅಂತ. 2016ರ ಕೊನೆಗೆ ಪಾಸ್‌ಪೋರ್ಟಿನ ನಿಯಮವೂ ಸಡಿಲವಾಯಿತು, ತಂದೆ ಅಥವಾ ತಾಯಿ, ಒಬ್ಬರ ಹೆಸರಿದ್ದರೆ ಸಾಕು. ವಿದೇಶಕ್ಕೆ ಹೋಗಲು ಅಪ್ಪನ ಹೆಸರು ಬೇಡ, ಪಕ್ಕದ ಊರಿನ ಹಾಸ್ಟೆಲ್ಲಿಗೆ ಸೇರಲು ಬೇಕು! ಇದನ್ನು ಒಬ್ಬ ಗುಮಾಸ್ತರಿಗೆ ಹೇಳಿದಾಗ ಅವರು ನಕ್ಕುಬಿಟ್ಟರು. ನಕ್ಕ ಮೇಲೆ ಸಹಿ ಮಾಡಿದರು.

ಸಂಸ್ಥೆ ಅಂದರೆ ಸರ್ಕಾರಿ ಕಚೇರಿ ಮಾತ್ರ ಅಂದುಕೊಳ್ಳಬೇಡಿ. ನಾವು ಕೆಲಸ ಮಾಡುವ ಎನ್‌ಜಿಒ ಕೂಡ ಸಂಸ್ಥೆಯೇ. ಅಲ್ಲೂ ಅರ್ಜಿ, ಅಲ್ಲೂ ಕಾಲಂ. ದುಡ್ಡು ಕೊಡುವವರಿಗೆ ಮೂರು ವರ್ಷದಲ್ಲಿ ಫಲ ಬೇಕು, 'ಸಕ್ಸಸ್ ಸ್ಟೋರಿ' ಬೇಕು, ಫೋಟೋ ಬೇಕು. ನಾನು ಒಂದು ಕಾಲದಲ್ಲಿ ಹೆಂಗಸರ ಮುಖದ ಫೋಟೋ ತೆಗೆದು ವರದಿಗೆ ಅಂಟಿಸಿದವಳು. ಒಬ್ಬಾಕೆ ಕೇಳಿದಳು, 'ಅಕ್ಕಾರ, ನನ್ನ ಫೋಟೋ ಎಲ್ಲಿಗೆ ಹೋಗತೈತಿ?' ಗೊತ್ತಿಲ್ಲ ಅಂತ ಹೇಳಬೇಕಾಯಿತು. ಅವತ್ತಿಂದ ತೆಗೆಯುವುದು ಬಿಟ್ಟೆ.

ಮೂರನೆಯದು ಶಾಸಕರು. ಇಲ್ಲಿ ಇತಿಹಾಸ ಸ್ವಲ್ಪ ಬೇಕು, ಯಾಕೆಂದರೆ ಕಾನೂನು ಇರಲಿಲ್ಲ ಅಂತ ಅಲ್ಲ. ಬೇಕಾದಷ್ಟಿತ್ತು. ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ಮುಂಬೈ ಪ್ರಾಂತ್ಯದ 1934ರ ಕಾಯ್ದೆ. ಬಳ್ಳಾರಿಯ ಕಡೆ ಮದ್ರಾಸಿನ 1947ರ ಕಾಯ್ದೆ. ಕರ್ನಾಟಕ ಒಂದಾದ ಮೇಲೆ 1982ರಲ್ಲಿ ನಮ್ಮದೇ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ, ಜಾರಿಗೆ ಬಂದದ್ದು 1984ರಲ್ಲಿ. ಮುತ್ತು ಕಟ್ಟಿಸಿದರೆ 3 ವರ್ಷದವರೆಗೆ ಜೈಲು. ಹೆತ್ತವರೋ ಪೋಷಕರೋ ಆದರೆ 5 ವರ್ಷದವರೆಗೆ. ಅದರ ಕಣ್ಣೆಲ್ಲ ಮುತ್ತು ಕಟ್ಟುವ ಆ ಒಂದು ದಿನದ ಮೇಲೆ. ಕಾರ್ಯ ಗುಡಿಯಿಂದ ಮನೆಯೊಳಗೆ ಹೋಯಿತು, ಹಗಲಿನಿಂದ ರಾತ್ರಿಗೆ ಹೋಯಿತು. ದೂರು ಕೊಡಬೇಕಾದವರೇ ಜೈಲಿಗೆ ಹೋಗಬೇಕಾದವರು ಆಗಿದ್ದರಿಂದ ಕೇಸೂ ಹೆಚ್ಚು ಬೀಳಲಿಲ್ಲ. ಈಗಾಗಲೇ ಕಟ್ಟಿಸಿಕೊಂಡವಳು ಮದುವೆಯಾದರೆ ಆ ಮದುವೆ ಊರ್ಜಿತ ಎಂದು ಕಾಯ್ದೆ ಹೇಳಿತು. ಒಳ್ಳೆಯದೇ. ಆದರೆ ಮದುವೆಯೇ ಇಲ್ಲದೆ ಹುಟ್ಟಿದ ಮಕ್ಕಳು? ಅವರು ಶಾಲೆಯ ಮೇಜಿನ ಮುಂದೆ ನಿಂತೇ ಇದ್ದರು.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನವರು 2018ರಲ್ಲಿ ಹೊಸ ಮಸೂದೆಯ ಕರಡು ಮಾಡಿದರು. ಆ ವರ್ಷಗಳಲ್ಲಿ ನಮ್ಮ ಕಡೆ ಎಷ್ಟೋ ಸಭೆ ನಡೆದವು. ಒಂದು ಸಭೆಯನ್ನು ನಾನು ಮರೆಯಲಾರೆ. ತಂದೆಯ ಹೆಸರಿನ ಬಗ್ಗೆ ಚರ್ಚೆ. ಎಲ್ಲರೂ ಒಂದೇ ಮಾತು ಹೇಳುತ್ತಾರೆ, ಬರೆದುಕೊಂಡು ಎದ್ದು ಬರೋಣ ಎಂದು ಹೋಗಿದ್ದೆ. ಅಲ್ಲಿ ಜಗಳವೇ ಆಯಿತು.

ಒಂದು ಕಡೆಯವರು, ಅದರಲ್ಲೂ ವಯಸ್ಸಿನ ಮಕ್ಕಳಿರುವವರು, ಹೆಸರು ಬೇಕೇ ಬೇಕು ಎಂದರು. 'ಅವನ ಹೊಲದಾಗ ನನ್ನ ಮಗ ಕೂಲಿ ಮಾಡತಾನ. ಪಾಲು ಬ್ಯಾಡೇನು?' ಎಂದು ಒಬ್ಬಳು ಕೇಳಿದಳು. ಇನ್ನೊಂದು ಕಡೆಯವರು ಬೇಡವೇ ಬೇಡ ಎಂದರು. ಹೆಸರು ಹೇಳಿದರೆ ಅವನ ಮನೆಯವರು ಸುಮ್ನೆ ಬಿಡ್ತಾರಾ? ಊರಲ್ಲಿ ಬಾಳೋಕಾಗುತ್ತಾ? 'ಹೆತ್ತಾಕಿ ನಾನು, ಸಾಕಿದಾಕಿ ನಾನು, ಅವನ ಹೆಸರ ಯಾಕ ಬೇಕು? ಆ ಖಾನೇನ ತಗದು ಹಾಕ್ರಿ' ಎಂದಳು ಇನ್ನೊಬ್ಬಳು. ಮಧ್ಯಾಹ್ನದ ಊಟಕ್ಕೂ ಯಾರೂ ಏಳಲಿಲ್ಲ.

ನನ್ನ ಜೊತೆಗಿದ್ದ ಒಬ್ಬರು, ಇಬ್ಬಗೆ ಮಾತು ಶಾಸಕರ ಮುಂದೆ ಇಟ್ಟರೆ ಬೇಡಿಕೆ ಬಲ ಕಳೆದುಕೊಳ್ಳುತ್ತದೆ, ಒಂದನ್ನು ಆರಿಸೋಣ ಎಂದರು. ನನಗೂ ಅರೆಕ್ಷಣ ಸರಿ ಅನ್ನಿಸಿತು. ಆದರೆ ಆರಿಸುವವರು ನಾವ್ಯಾರು? ಎರಡನ್ನೂ ಹಾಗೇ ಬರೆದೆವು. ಹೆಸರು ಬೇಡ ಎನ್ನುವವಳನ್ನು ಯಾರೂ ಒತ್ತಾಯಿಸಬಾರದು, ಬೇಕು ಎನ್ನುವ ಮಗುವಿಗೆ ಕೇಳುವ ಹಕ್ಕಿರಬೇಕು.

ಶಾಸಕರ ಹತ್ತಿರ ಹೋಗುವುದು ಹೇಗೆ ಎಂದು ನೀವು ಕೇಳುತ್ತೀರಿ. ನನಗೆ ಗೊತ್ತಿರುವುದು ಇಷ್ಟು. ಮೊದಲು ಸಿಗುವವರು ಪಿ.ಎ. ಅವರಿಗೆ ಗೌರವದಿಂದ ಮಾತಾಡಿ. ಮನವಿ ಒಂದೇ ಪುಟ ಇರಲಿ. ನಾವು ಮೊದಲ ಸಲ 40 ಪುಟದ ವರದಿ ಕೊಟ್ಟೆವು, ಅದು ಕಾರಿನ ಹಿಂದಿನ ಸೀಟಿಗೆ ಹೋಯಿತು. ಆ ಒಂದು ಪುಟದಲ್ಲಿ ರಾಜ್ಯದ ಅಂಕಿಗಿಂತ ಮುಂಚೆ ಅವರ ತಾಲ್ಲೂಕಿನ ಅಂಕಿ ಬರಲಿ. ಆಡಳಿತ ಪಕ್ಷದವರ ಹತ್ತಿರ ಮಾತ್ರ ಹೋಗಬೇಡಿ. ವಿರೋಧ ಪಕ್ಷದ ಒಬ್ಬ ಸದಸ್ಯ ಸದನದಲ್ಲಿ ಲಿಖಿತ ಉತ್ತರ ಬೇಡುವ ಪ್ರಶ್ನೆ (ಚುಕ್ಕೆ ಗುರುತಿಲ್ಲದ ಪ್ರಶ್ನೆ ಅನ್ನುತ್ತಾರೆ) ಕೇಳಿದರೆ ಇಲಾಖೆ ಬರಹದಲ್ಲೇ ಉತ್ತರ ಕೊಡಬೇಕು. ಆ ಉತ್ತರದಲ್ಲಿರುವ ಅಂಕಿಯನ್ನು ನಾಳೆ ಇಲಾಖೆಯೇ ಅಲ್ಲಗಳೆಯೋಕಾಗಲ್ಲ. ಪ್ರಶ್ನೆ ಬರೆದುಕೊಡುವ ಕೆಲಸ ನಿಮ್ಮದು. ಸರಿಯಾಗಿ ಬರೆಯಲು ಕಲಿಯಿರಿ. 'ಸರ್ಕಾರದ ಗಮನಕ್ಕೆ ಬಂದಿದೆಯೇ' ಎಂದು ಕೇಳಿದರೆ 'ಬಂದಿದೆ' ಎಂಬ ಒಂದೇ ಪದದ ಉತ್ತರ ಬರುತ್ತದೆ. ತಾಲ್ಲೂಕುವಾರು ಎಷ್ಟು ಅರ್ಜಿ ಬಂದವು, ಎಷ್ಟು ತಿರಸ್ಕೃತವಾದವು, ಕಾರಣವೇನು ಎಂದು ಕೇಳಿ.

ಚಳಿಗಾಲದಲ್ಲಿ ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತದಲ್ಲ, ಅದು ನಮ್ಮ ಕಡೆಯ ಹೆಂಗಸರಿಗೆ ದೊಡ್ಡ ಅನುಕೂಲ. ಬೆಂಗಳೂರಿಗಾದರೆ ಒಂದು ರಾತ್ರಿ ರೈಲು, ಎರಡು ದಿನದ ಕೂಲಿ ಹೋಯಿತು. ಸುವರ್ಣಸೌಧದ ಹತ್ತಿರದ ಟೆಂಟಿಗೆ ರೊಟ್ಟಿ ಕಟ್ಟಿಕೊಂಡು ಬರುತ್ತಾರೆ. ಒಂದು ಸಲ ಒಬ್ಬ ಶಾಸಕರು ಟೆಂಟಿಗೆ ಬಂದು ಸಮಾಧಾನದ ಮಾತು ಆಡುತ್ತಿದ್ದರು. ಹಿಂದಿನಿಂದ ಒಬ್ಬ ಮುದುಕಿ ಎದ್ದು ಕೇಳಿದಳು, 'ಸಾಹೇಬರ, ವೋಟರ್ ಕಾರ್ಡಿನಾಗ ನಮ್ಮ ಅವ್ವನ ಹೆಸರು ನಡೀತೈತಿ. ಸಾಲ್ಯಾಗ ಯಾಕ ನಡಿಯೂದಿಲ್ಲ?' ಶಾಸಕರ ಹತ್ತಿರ ಉತ್ತರ ಇರಲಿಲ್ಲ. ಪಕ್ಕದಲ್ಲಿದ್ದವರಿಗೆ ಬರೆದುಕೊಳ್ಳಲು ಹೇಳಿದರು. ನಾವು ಕೊಟ್ಟಿದ್ದ ಮನವಿಗಿಂತ ಆ ಒಂದು ಮಾತು ಮುಂದೆ ಹೋಯಿತು ಎಂದು ನನ್ನ ನಂಬಿಕೆ.

2025ರ ಆಗಸ್ಟಿನಲ್ಲಿ ಹೊಸ ಮಸೂದೆ ವಿಧಾನಮಂಡಲದಲ್ಲಿ ಪಾಸಾಯಿತು. ತಡೆಗಟ್ಟುವಿಕೆ, ನಿಷೇಧ, ಪರಿಹಾರ ಮತ್ತು ಪುನರ್ವಸತಿ, ಹೆಸರೇ ಅಷ್ಟುದ್ದ ಇದೆ. ಅದರಲ್ಲಿ ನಮ್ಮ ಆ ಜಗಳದ ಎರಡೂ ಮಾತು ಇವೆ. ಅರ್ಜಿಯಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ. ತಂದೆ ಯಾರು ಎಂದು ಗುರುತಿಸಿಕೊಳ್ಳಲು ಮಗು ಬಯಸಿದರೆ ಅದಕ್ಕೂ ದಾರಿ ಇದೆ, ಆಸ್ತಿಯಲ್ಲಿ ಹಕ್ಕೂ ಇದೆ. ನಮ್ಮ ಒಂದು ಸಭೆಯಿಂದ ಬಂತು ಎಂದು ನಾನು ಹೇಳಿಕೊಳ್ಳುವುದಿಲ್ಲ. ಅಂಥ ಸಭೆ ಎಷ್ಟೋ ಊರಲ್ಲಿ ಆಗಿವೆ, ಎಷ್ಟೋ ಜನ ಎಷ್ಟೋ ವರ್ಷ ಓಡಾಡಿದ್ದಾರೆ. ಆದರೂ ಓದಿದ ದಿನ ನನಗೆ ಆ ರಾಯಚೂರಿನ ಮಾಸ್ತರು ನೆನಪಾದರು. ಪೆನ್ನು ಹಿಡಿದು ಕಾದಿದ್ದರಲ್ಲ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಮೊನ್ನೆ ನಡೆದದ್ದನ್ನು ಹೇಳದಿದ್ದರೆ ನಿಮಗೆ ಸುಳ್ಳು ಹೇಳಿದ ಹಾಗೆ.

ಒಬ್ಬ ಅವ್ವನ ಜೊತೆ ಮಗನ ಅರ್ಜಿ ಹಾಕಲು ಕಂಪ್ಯೂಟರ್ ಸೆಂಟರಿಗೆ ಹೋಗಿದ್ದೆ. ಕಾನೂನಿನ ಜೆರಾಕ್ಸ್ ಚೀಲದಲ್ಲಿತ್ತು. ಕಂಪ್ಯೂಟರ್ ಮುಂದೆ ಕೂತ ಹುಡುಗ ಪೂರ್ತಿ ಓದಿದ. 'ಸರಿ ಇದೆ ಬಾಯಾರ, ನಾನು ಬಿಡ್ತೀನಿ, ಇದು ಬಿಡಲ್ಲ' ಎಂದು ಪರದೆ ತೋರಿಸಿದ. ತಂದೆಯ ಹೆಸರಿನ ಪಕ್ಕ ಒಂದು ಕೆಂಪು ನಕ್ಷತ್ರ. ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ. ಚುಕ್ಕೆ ಇಟ್ಟು ನೋಡಿದ, ಆಗಲಿಲ್ಲ. ಅಡ್ಡಗೆರೆ ಹಾಕಿದ, ಆಗಲಿಲ್ಲ. ಕೊನೆಗೆ ಅವ್ವನನ್ನೇ ಕೇಳಿ, ಎರಡೂ ಕಡೆ ಅವಳ ಹೆಸರನ್ನೇ ಒತ್ತಿದ. ಅರ್ಜಿ ಮುಂದೆ ಹೋಯಿತು.

ಪ್ರಿಂಟ್ ಕೈಗೆ ಬಂದಾಗ ಅವಳಿಗೆ ಓದಿ ಹೇಳಿದೆ. ತಾಯಿ ಅಂತಲೂ ನಿನ್ನ ಹೆಸರು, ತಂದೆ ಅಂತಲೂ ನಿನ್ನ ಹೆಸರು ಬಂದಿದೆ, ಇದನ್ನು ಸರಿ ಮಾಡಿಸಬೇಕು ಎಂದೆ. ಅವಳು ಕಾಗದ ಇಸಿದುಕೊಂಡು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು.

'ಇರಲಿ ಬಿಡ್ರಿ ಅಕ್ಕಾರ,' ಎಂದಳು. 'ಎರಡೂ ನಾನ ಮಾಡೀನಿ.'

ಸೋಮವಾರ ಜಿಲ್ಲಾ ಕಚೇರಿಗೆ ಹೋಗುತ್ತಿದ್ದೇನೆ, ಆ ಪ್ರಿಂಟಿನ ಜೆರಾಕ್ಸ್ ಹಿಡಿದುಕೊಂಡು. ನಿಮ್ಮಲ್ಲಿ ಯಾರಿಗಾದರೂ ಅವತ್ತು ಫೀಲ್ಡ್ ವರ್ಕ್ ಇದ್ದರೆ ಬನ್ನಿ. ಬಸ್ಸು ಏಳೂವರೆಗೆ.